ಫಾರಿನ್ ಪಾರ್ಟಿ, ಫಾರಿನ್ ಬಾಸ್ ಜೊತೆ ಕೆಲ್ಸ ಮಾಡೋದು ಹೆಂಗೆ: ಚಿಕ್ಕಮಗಳೂರಿನ ಒಂದು ಕಾಫಿ ಆಫೀಸಿಂದ

ಜನವರಿಲಿ ಕಣದ ತುಂಬ ಕಾಫಿ ಹರವಿರುವಾಗ ಮಳೆ ಹೊಡದ್ರೆ ಏನಾಗುತ್ತೆ ಅಂತ ನಮ್ಮ ಕಡೆಯವ್ರಿಗೆ ಯಾರೂ ಬಿಡಿಸಿ ಹೇಳ್ಬೇಕಿಲ್ಲ. ಒಂದು ವರ್ಷ ಹಂಗೇ ಆಯ್ತು, ಎರಡು ತೋಟದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಬೀಜ) ಒಣಗ್ಲೇ ಇಲ್ಲ, ಹೊಟ್ಟು ತೆಗೆದು ವಿಂಗಡಿಸೋ ಕ್ಯೂರಿಂಗಿಗೆ ಮಾಲೇ ಬಂದಿಲ್ಲ, ಆದ್ರೆ ಜರ್ಮನಿ ಪಾರ್ಟಿಗೆ ಕಂಟೇನರ್ ಹೊರಡಿಸೋ ತಾರೀಖು ಹತ್ರ ಬಂದ್ಬಿಡ್ತು. ಆ ಕಡೆಯಿಂದ ಮೇಲ್ ಮೇಲೆ ಮೇಲು, ಕೆಲ್ಸ ಎಲ್ಲಿಗೆ ಬಂತು ಅಂತ. ನಾನು ಮೂರು ಸಲನೂ "ಎಲ್ಲಾ ಸರಿಯಾಗಿ ನಡೀತಿದೆ ಸಾರ್, ಟೈಮಿಗೆ ಹೋಗುತ್ತೆ" ಅಂತ ಬರ್ದೆ, ಯಾಕಂದ್ರೆ ಹೆಂಗೋ ಬಿಸಿಲು ಬರುತ್ತೆ, ಹೆಂಗೋ ಮ್ಯಾನೇಜ್ ಮಾಡಣ, ಈಗ್ಲೇ ದೊಡ್ಡವ್ರ ತಲೆ ಯಾಕೆ ಬಿಸಿ ಮಾಡೋದು ಅಂತ ನನ್ನ ಲೆಕ್ಕ. ಹನ್ನೆರಡು ದಿನ ಲೇಟಾಯ್ತು. ಆಮೇಲೆ ವಿಡಿಯೋ ಕಾಲಲ್ಲಿ ಆ ಮನುಷ್ಯ ಸಮಾಧಾನವಾಗೇ ಕೇಳ್ದ, ಲೇಟಾಗಿದ್ದಕ್ಕೆ ನಂಗೇನೂ ಇಲ್ಲ, ಮಳೆ ನೀನು ಸುರಿಸಿದ್ದಲ್ಲ, ಆದ್ರೆ ಮೂರು ಸಲ ಸುಳ್ಳು ಯಾಕೆ ಹೇಳ್ದೆ ಅಂತ.

ಸುಳ್ಳು! ನಾನು ಮರ್ಯಾದೆ ಕೊಡ್ತಿದೀನಿ ಅಂದ್ಕೊಂಡಿದ್ದೆ ಮಾರಾಯ.

ಆವತ್ತಿಂದ ಈ ವಿಷಯ ತಲೇಲಿ ಕೂತಿದೆ. ಒಂದು ದೇಶದಲ್ಲಿ ಜನ ಹೆಂಗೆ ಬೆಳೀತಾರೋ ಅಲ್ಲಿ ಮ್ಯಾನೇಜರ್ ಆಗೋದೂ ಹಂಗೇ, ಮ್ಯಾನೇಜರ್ ಹತ್ರ ಮಾತಾಡೋದೂ ಹಂಗೇ. ಹಾಸನದ ಕಡೆ ಗಾರ್ಮೆಂಟ್ಸಲ್ಲಿ ಇರೋರು, ಬಿಡದಿ ಕಡೆ ಜಪಾನ್ ಕಂಪನಿಗೆ ಹೋದೋರು, ಸಕಲೇಶಪುರದಲ್ಲಿ ಕೂತು ಅಮೆರಿಕಕ್ಕೆ ಸ್ಯಾಂಪಲ್ ಕಳಿಸೋ ಹುಡುಗ್ರು, ಎಲ್ರಿಗೂ ಇದು ಒಂದಲ್ಲ ಒಂದು ದಿನ ಎದುರಾಗುತ್ತೆ. ನಾನು ಏಟು ತಿಂದು ಕಲ್ತಿದ್ದು, ಒಂದಿಷ್ಟು ಓದ್ಕೊಂಡಿದ್ದು ಸೇರ್ಸಿ ಹೇಳ್ತೀನಿ.

ಮೊದ್ಲು ನಿಮ್ಮ "ಆಯ್ತು" ಲೆಕ್ಕ ಹಾಕಿ

ಫಾರಿನ್ನೋರ ಬಗ್ಗೆ ಓದೋಕ್ ಮುಂಚೆ ಒಂದು ವಾರ ನಿಮ್ಮನ್ನ ನೀವೇ ಗಮನಿಸಿ. ನಾವು "ಆಯ್ತು ಸಾರ್" ಅನ್ನೋದ್ರಲ್ಲಿ ಎಷ್ಟು ಅರ್ಥ ಇದೆ ನೋಡಿ: ಮಾಡ್ತೀನಿ ಅನ್ನೋ ಆಯ್ತು, ಕೇಳಿಸ್ಕೊಂಡೆ ಅನ್ನೋ ಆಯ್ತು, ನೀವು ದೊಡ್ಡೋರು ಎದುರು ಮಾತಾಡಲ್ಲ ಅನ್ನೋ ಆಯ್ತು, ಈಗ ಫೋನ್ ಇಡಿ ಅನ್ನೋ ಆಯ್ತು, ಆಗಲ್ಲ ಅಂತ ಗೊತ್ತಿದ್ದೂ ಹೇಳೋ ಆಯ್ತು. ನಮ್ಮ ತೋಟದಲ್ಲಿ ಲೆಕ್ಕ ಬರೆಯೋ ರೈಟರಿಗೆ ಈ ಐದೂ ಯಾವ್ಯಾವ್ದು ಅಂತ ಮೇಸ್ತ್ರಿ ಮುಖ ನೋಡ್ತಿದ್ದಂಗೆ ಗೊತ್ತಾಗುತ್ತೆ. ಹ್ಯಾಂಬರ್ಗಲ್ಲಿ ಕೂತೋನಿಗೆ ಒಂದೇ ಅರ್ಥ, ಮಾಡ್ತೀನಿ ಅಂತ. ಮೇಲಲ್ಲಿ ಮುಖ ಬೇರೆ ಕಾಣಲ್ಲ. ವಿಡಿಯೋಲಿ ಕಂಡ್ರೂ ಕಷ್ಟವೇ, ನಾವು ತಲೆ ಅಲ್ಲಾಡ್ಸೋದು ನೋಡಿ ಒಬ್ಳು "ಇದು ಹೌದೋ ಅಲ್ವೋ" ಅಂತ ಕೇಳೇಬಿಟ್ಟಿದ್ಲು, ನಂಗೆ ನನ್ನ ತಲೆ ಅಲ್ಲಾಡ್ತಿದೆ ಅನ್ನೋದೇ ಗೊತ್ತಿರ್ಲಿಲ್ಲ.

ಎಡ್ವರ್ಡ್ ಹಾಲ್ ಅಂತ ಅಮೆರಿಕದ ಮಾನವಶಾಸ್ತ್ರಜ್ಞ 1976ರಲ್ಲೇ ಇದಕ್ಕೆ ಒಂದು ವಿಂಗಡಣೆ ಮಾಡಿದ್ರು. ಕೆಲವು ಸಮಾಜದಲ್ಲಿ ಮಾತಿನ ಅರ್ಥ ಮಾತಲ್ಲೇ ಇರುತ್ತೆ, ಜರ್ಮನಿ, ಅಮೆರಿಕ, ಸ್ಕ್ಯಾಂಡಿನೇವಿಯ ಇಂಥವು. ಕೆಲವು ಕಡೆ ಅರ್ಥ ಮಾತಿನ ಸುತ್ತಮುತ್ತ ಇರುತ್ತೆ, ಯಾರು ಹೇಳಿದ್ರು, ಯಾರ ಮುಂದೆ ಹೇಳಿದ್ರು, ಎಷ್ಟು ಹೊತ್ತು ಸುಮ್ನಿದ್ದು ಹೇಳಿದ್ರು ಅನ್ನೋದ್ರಲ್ಲಿ, ಜಪಾನ್, ಅರಬ್ ದೇಶಗಳು ಹಂಗೆ, ನಾವೂ ಆ ಸಾಲೇ. ಮದುವೆ ಕರೆಯೋಕೆ ಹೋದಾಗ "ನೋಡಣ, ಕೆಲ್ಸ ಮುಗುದ್ರೆ ಬರ್ತೀವಿ" ಅಂದ್ರೆ ಬರಲ್ಲ ಅಂತ ಕರೆದೋರಿಗೂ ಗೊತ್ತು, ಹೇಳ್ದೋರಿಗೂ ಗೊತ್ತು. ಯಾರೂ ಅದನ್ನ ಸುಳ್ಳು ಅನ್ನಲ್ಲ.

ಬಾಸ್ ಎಷ್ಟು ಎತ್ತರದಲ್ಲಿ ಕೂತಿದಾರೆ ಅಂತ ತಿಳ್ಕೊಳಿ

ಇದೇ ಮುಖ್ಯ ಅಂತ ನನ್ನ ಅಭಿಪ್ರಾಯ, ಉಳಿದಿದ್ದೆಲ್ಲಾ ಇದರಿಂದ್ಲೇ ಹುಟ್ಟೋದು.

ಹಾಲೆಂಡಿನ ಗೀರ್ಟ್ ಹಾಫ್‌ಸ್ಟೀಡ್ ಅನ್ನೋರು ಐಬಿಎಂ ಕಂಪನಿಯ ಬೇರೆಬೇರೆ ದೇಶದ ನೌಕರರು 1967ರಿಂದ 1973ರ ತನಕ ತುಂಬಿಕೊಟ್ಟಿದ್ದ ಲಕ್ಷಕ್ಕೂ ಹೆಚ್ಚು ಪ್ರಶ್ನೆಪತ್ರಿಕೆ ಇಟ್ಕೊಂಡು ದೇಶದೇಶಕ್ಕೂ ಅಂಕ ಕೊಟ್ರು. ಅದ್ರಲ್ಲಿ ಒಂದು ಅಳತೆ ಪವರ್ ಡಿಸ್ಟೆನ್ಸ್, ಅಂದ್ರೆ ಮೇಲಿನೋರಿಗೂ ಕೆಳಗಿನೋರಿಗೂ ಎಷ್ಟು ದೂರ ಇರೋದು ಸಹಜ ಅಂತ ಜನ ಒಪ್ಕೊಂಡಿದಾರೆ ಅನ್ನೋದು. ಕೇಳಿದ ಒಂದು ಪ್ರಶ್ನೆ ಬಹಳ ಸರಳ: ನಿಮ್ಮ ಆಫೀಸಲ್ಲಿ ಬಾಸ್ ಹೇಳಿದ್ದು ಒಪ್ಪಿಗೆ ಇಲ್ದಿದ್ರೂ ಹೇಳೋಕೆ ಜನ ಎಷ್ಟು ಸಲ ಹೆದರ್ತಾರೆ? ಅಂಕ ಜಾಸ್ತಿ ಅಂದ್ರೆ ದೂರ ಜಾಸ್ತಿ. ಮಲೇಷ್ಯಾಗೆ 104 ಬಂತು, ನಮ್ಮ ಭಾರತಕ್ಕೆ 77, ಜಪಾನಿಗೆ 54, ಇಟಲಿಗೆ 50, ಅಮೆರಿಕಕ್ಕೆ 40, ಜರ್ಮನಿಗೆ 35, ಆಸ್ಟ್ರಿಯಾಕ್ಕೆ ಬರೀ 11.

77 ಅಂದ್ರೆ ಏನು ಅಂತ ತಿಳ್ಕೊಳೋಕೆ ಕಾಫಿ ತೋಟಕ್ಕೆ ಹೋದ್ರೆ ಸಾಕು. ಮೇಲೆ ಸಾವ್ಕಾರ್ರು, ಬ್ರಿಟಿಷರ ಕಾಲದಲ್ಲಿ ಅದೇ ಜಾಗದಲ್ಲಿ ದೊರೆ, ಆಮೇಲೆ ಮ್ಯಾನೇಜರ್, ರೈಟರ್, ಮೇಸ್ತ್ರಿ, ಕೊನೇಗೆ ಆಳು. ಹಣ್ಣು ಕುಯ್ಯೋ ಹೆಂಗ್ಸಿಗೆ ಯಾವ ಗಿಡದ ಬುಡಕ್ಕೆ ಹುಳ ಬಿದ್ದಿದೆ ಅಂತ ಎಲ್ರಿಗಿಂತ ಮುಂಚೆ ಗೊತ್ತಿರುತ್ತೆ, ಆದ್ರೆ ಅವಳು ಸಾವ್ಕಾರ್ರಿಗೆ ಹೇಳಲ್ಲ, ಮೇಸ್ತ್ರಿಗೆ ಹೇಳ್ತಾಳೆ, ಮೇಸ್ತ್ರಿ ರೈಟರಿಗೆ, ರೈಟರ್ ಒಳ್ಳೆ ಸಮಯ ನೋಡ್ಕೊಂಡು ಮೇಲಕ್ಕೆ, ಅಷ್ಟೊತ್ತಿಗೆ ಆ ಕಾಂಡ ಕೊರಿಯೋ ಹುಳ, ಬೋರರ್, ಪಕ್ಕದ ಪಟ್ಟೆಗೂ ಹೋಗಿರುತ್ತೆ.

ಜರ್ಮನಿಲಿ ಇದು ಉಲ್ಟಾ. ಅಲ್ಲಿ 1976ರಿಂದ ಒಂದು ಕಾನೂನೇ ಇದೆ, 2000ಕ್ಕಿಂತ ಜಾಸ್ತಿ ನೌಕರರಿರೋ ಕಂಪನಿಯ ಮೇಲ್ವಿಚಾರಣಾ ಮಂಡಳಿಲಿ ಅರ್ಧ ಸೀಟು ಕಾರ್ಮಿಕರ ಕಡೆಯೋರಿಗೆ. ಅಂಥ ಕಡೆ ಬೆಳೆದೋನು ತನ್ನ ಕೈಕೆಳಗಿನೋನು ಎದುರು ಮಾತಾಡಿದ್ರೆ ಅವಮಾನ ಅಂದ್ಕೊಳಲ್ಲ, ಮಾತಾಡ್ದೇ ಇದ್ರೆ ಇವನಿಗೆ ಕೆಲ್ಸ ಗೊತ್ತಿಲ್ವೇನೋ ಅಂದ್ಕೊಳ್ತಾನೆ. ಡಚ್ಚರಂತೂ ಮುಖಕ್ಕೆ ಹೊಡ್ದಂಗೆ ಮಾತಾಡ್ತಾರೆ, ಮೊದಮೊದ್ಲು ನಂಗೆ ರಾತ್ರಿ ನಿದ್ದೆ ಬರ್ತಿರ್ಲಿಲ್ಲ, ನಾನೇನು ತಪ್ಪು ಮಾಡ್ದೆ ಅಂತ. ಮಾರನೇ ದಿನ ಅದೇ ಮನುಷ್ಯ ನಗ್‌ನಗ್ತಾ ಫೋನ್ ಮಾಡೋನು. ಅವನು ಬೈದಿದ್ದು ಸ್ಯಾಂಪಲ್ಲಿಗೆ, ನಂಗಲ್ಲ.

ಹಾಗಾದ್ರೆ ಏನ್ ಮಾಡ್ಬೇಕು? ಜರ್ಮನಿ, ಹಾಲೆಂಡ್ ಕಡೆಯೋರ ಹತ್ರ ಕೆಟ್ಟ ಸುದ್ದಿ ಮೊದ್ಲು ಹೇಳಿ, ಗೊತ್ತಾದ ದಿನವೇ ಹೇಳಿ. ನಾನು ಈಗ ಬರೆಯೋದು ಹಿಂಗೆ: "3ನೇ ತಾರೀಖಿಗೆ ಆಗಲ್ಲ. ಕಾರಣ, ಎರಡು ತೋಟದಲ್ಲಿ ಮಳೆ, ಮಾಲಿನ ತೇವ ಇನ್ನೂ ಜಾಸ್ತಿ ಇದೆ. 12ಕ್ಕೆ ಆಗುತ್ತೆ ಅನ್ಸುತ್ತೆ. 7ನೇ ತಾರೀಖು ಮತ್ತೆ ಬರೀತೀನಿ." ನಾಲ್ಕೇ ಸಾಲು, ಕ್ಷಮೆ ಗಿಮೆ ಏನೂ ಉದ್ದ ಎಳೆಯಲ್ಲ. 7ನೇ ತಾರೀಖು ಹೇಳೋಕೆ ಏನೂ ಇಲ್ದಿದ್ರೂ ಬರೀರಿ, ಮರೀಬೇಡಿ, ಅವರು ಕಾಯ್ತಿರೋದು ಆ ಮೇಲಿಗೆ. ಮೀಟಿಂಗಲ್ಲಿ ನಿಮ್ಮ ಅಭಿಪ್ರಾಯ ಕೇಳಿದ್ರೆ "ನೀವು ಹೇಳ್ದಂಗೆ" ಅನ್ಬೇಡಿ, ತಪ್ಪೋ ಸರಿಯೋ ಒಂದು ಹೇಳಿ.

ಜಪಾನಿನೋರು: ಬುಡ ಬಿಡಿಸ್ದೆ ಗಿಡ ಕೀಳಲ್ಲ

ಜಪಾನ್ ನಮಗೆ ಅರ್ಧ ಪರಿಚಯ, ಅರ್ಧ ಅಪರಿಚಯ. ಹಿರೀಕರಿಗೆ ಮರ್ಯಾದೆ, ನೇರವಾಗಿ ಇಲ್ಲ ಅನ್ನದೇ ಇರೋದು, ಇದೆಲ್ಲಾ ನಮ್ಮಂಗೇ. ಅವರು "ಹಾಯ್" ಅಂದ್ರೆ ಒಪ್ಪಿದೆ ಅಂತಲ್ಲ, ನಾವು ಫೋನಲ್ಲಿ "ಹ್ಞೂ... ಹ್ಞೂ..." ಅಂತೀವಲ್ಲ ಹಂಗೆ, ಕೇಳಿಸ್ಕೊತಿದೀನಿ ಅಂತ. "ಚೊತ್ತೊ..." ಅಂತ ಎಳೆದು ಹಲ್ಲಿನ ಸಂದಿಲಿ ಉಸಿರು ಎಳ್ಕೊಂಡ್ರೆ ಆಗಲ್ಲ ಅಂತ ತಿಳ್ಕೊಳಿ. "ಪರಿಶೀಲಿಸ್ತೀವಿ" ಅಂದ್ರೆ ನಮ್ಮ "ನೋಡಣ" ಇದ್ದಂಗೆ. ಇಷ್ಟರ ಮಟ್ಟಿಗೆ ಮಲೆನಾಡಿನೋರಿಗೆ ಜಪಾನ್ ಸಲೀಸು, ಅಮೆರಿಕದೋರು ಇದನ್ನ ಕಲಿಯೋಕೆ ಕೋರ್ಸ್ ಮಾಡ್ತಾರೆ.

ನಾವು ಮುಗ್ಗರಿಸೋದು ತೀರ್ಮಾನ ತಗೊಳೋ ವಿಷಯದಲ್ಲಿ. ನೆಮಾವಾಶಿ ಅಂತ ಅವರ ಒಂದು ಪದ. "ನೆ" ಅಂದ್ರೆ ಬೇರು, ಮರ ಒಂದನ್ನ ಬೇರೆ ಕಡೆ ನೆಡೋಕ್ ಮುಂಚೆ ಸುತ್ತ ಅಗೆದು ಬೇರು ಹದ ಮಾಡ್ಕೊಳೋದು ಅಂತ ಅರ್ಥ. ಆಫೀಸಲ್ಲಿ ಅದರರ್ಥ, ಮೀಟಿಂಗಿಗೆ ಮುಂಚೆ ಒಬ್ಬೊಬ್ರ ಹತ್ರನೂ ಪ್ರತ್ಯೇಕ ಹೋಗಿ ವಿಷಯ ಹೇಳಿ, ಅನುಮಾನ ಕೇಳಿ, ಒಪ್ಪಿಗೆ ತಗೊಂಡಿರೋದು. ಆಮೇಲೆ ರಿಂಗಿ ಅಂತ ಒಂದು ಕಾಗದ ಕೆಳಗಿಂದ ಮೇಲಕ್ಕೆ ಹೋಗುತ್ತೆ, ಸಂಬಂಧಪಟ್ಟ ಪ್ರತಿಯೊಬ್ರೂ ಅದಕ್ಕೆ ತಮ್ಮ ಮುದ್ರೆ ಒತ್ತಬೇಕು. ಮೀಟಿಂಗ್ ಅನ್ನೋದು ಆಗಿರೋ ತೀರ್ಮಾನ ಓದೋಕೆ ಅಷ್ಟೆ. ಅದು ಗೊತ್ತಿಲ್ದೆ ನಾನು ಒಂದ್ಸಲ ಮೀಟಿಂಗ್ ಮಧ್ಯದಲ್ಲಿ "ರೇಟಿನ ಬಗ್ಗೆ ಒಂದು ಹೊಸ ಐಡಿಯಾ ಇದೆ" ಅಂತ ಶುರು ಮಾಡ್ದೆ, ಎಂಟು ಜನ ಇದ್ರು, ಎಂಟು ಜನನೂ ಟೇಬಲ್ ನೋಡಿದ್ರು. ಐಡಿಯಾ ಚೆನ್ನಾಗೇ ಇತ್ತು. ಎರಡು ವಾರ ಮುಂಚೆ ಅಲ್ಲಿರೋ ಚಿಕ್ಕ ಹುಡುಗನ ಕಿವಿಗೆ ಹಾಕಿದ್ರೆ ಅವನು ಮೇಲಕ್ಕೆ ಒಯ್ತಿದ್ದ.

ನಮ್ಮ ಸಾವ್ಕಾರ್ರು ಬೈಕ್ ಮೇಲೆ ಕೂತು ಫೋನಲ್ಲೇ ಎರಡು ನಿಮಿಷಕ್ಕೆ ತೀರ್ಮಾನ ಮಾಡ್ತಾರೆ, ಆಮೇಲೆ ಎರಡು ತಿಂಗ್ಳು ಅದನ್ನ ಬದ್ಲಾಯಿಸ್ತಾ ಇರ್ತಾರೆ. ಜಪಾನಿನೋರು ಎರಡು ತಿಂಗ್ಳು ಯೋಚ್ನೆ ಮಾಡ್ತಾರೆ, ಆಮೇಲೆ ಒಂದಕ್ಷರ ಬದ್ಲಾಗಲ್ಲ. ಹಾಗಾಗಿ ತಡ ಆಯ್ತು ಅಂತ ಮಧ್ಯೆ ಮಧ್ಯೆ ಕುಟುಕಬೇಡಿ, ಅವರು ಒಪ್ಪಿದ ಮೇಲೆ ಈ ಕಡೆ ನೀವೂ ಏನೂ ಬದ್ಲಾಯಿಸಬೇಡಿ, ಗೋಣಿಚೀಲದ ಮೇಲಿನ ಮಾರ್ಕ್ ಸಮೇತ.

ಇನ್ನೊಂದು, ಪ್ರಶ್ನೆಗಳು. ಸ್ಯಾಂಪಲ್ಲಲ್ಲಿ ಎರಡು ಬೀಜಕ್ಕೆ ಬೂಷ್ಟು ಹಿಡಿದಿತ್ತು ಅಂತ ಹದಿನಾಲ್ಕು ಪ್ರಶ್ನೆ ಕಳಿಸಿದ್ರು, ಯಾವ ಕಣ, ಎಷ್ಟು ದಿನ ಒಣಗ್ಸಿದ್ದು, ರಾತ್ರಿ ಯಾವುದ್ರಿಂದ ಮುಚ್ಚಿದ್ದು, ಮುಂದೆ ಹಿಂಗಾಗದೇ ಇರೋಕೆ ಏನ್ ಮಾಡ್ತೀರ. ನಮ್ಮ ರೈಟರ್ರು "ಎರಡು ಬೀಜಕ್ಕೆ ಇಷ್ಟೆಲ್ಲಾನಾ, ಬೇಕಾದ್ರೆ ಎರಡು ಬೀಜ ಜಾಸ್ತಿ ಹಾಕಣ" ಅಂದ್ರು. ನಗು ಬಂತು, ಆದ್ರೆ ವಿಷಯ ಇರೋದು ಅಲ್ಲೇ. ಹಾಫ್‌ಸ್ಟೀಡ್‌ರ ಇನ್ನೊಂದು ಅಳತೆ ಇದೆ, ಅನಿಶ್ಚಿತತೆ ಕಂಡ್ರೆ ಎಷ್ಟು ಕಸಿವಿಸಿ ಅನ್ನೋದು. ಜಪಾನಿಗೆ 92, ನಮಗೆ 40. ನಮ್ಮ "ಅಡ್ಜಸ್ಟ್ ಮಾಡ್ಕೊಳಣ" ಅನ್ನೋ ಮಾತು ಆ 40ರಿಂದ ಬಂದಿದ್ದು. ಅದು ಕೆಟ್ಟದ್ದೇನಲ್ಲ, ಕರೆಂಟು ಹೋದ್ರೆ, ಆಳು ಬರ್ದಿದ್ರೆ, ಘಾಟಿ ಬಂದಾದ್ರೆ ಅದೇ ನಮ್ಮನ್ನ ಕಾಪಾಡೋದು. ಆದ್ರೆ ಆ ಪದ ಜಪಾನ್ ಮೇಲಿಗೆ ಬರೀಬೇಡಿ. ಹದಿನಾಲ್ಕು ಪ್ರಶ್ನೆಗೂ ಹದಿನಾಲ್ಕು ಉತ್ತರ, ಫೋಟೋ ಸಮೇತ. ಹೋರೆನ್‌ಸೋ ಅಂತ ಅಲ್ಲಿ ಹೊಸಬರಿಗೆ ಮೊದ್ಲು ಕಲ್ಸೋದು, ವರದಿ ಮಾಡು, ತಿಳಿಸು, ಸಲಹೆ ಕೇಳು, ಈ ಮೂರರ ಮೊದಲಕ್ಷರ ಸೇರ್ಸಿದ್ದು. ಅದೇ ಉಚ್ಚಾರಣೆಯ ಪದಕ್ಕೆ ಪಾಲಕ್ ಸೊಪ್ಪು ಅಂತ್ಲೂ ಅರ್ಥ ಇದೆಯಂತೆ, ನಮ್ಮ ಆಫೀಸಲ್ಲಿ ಈಗ "ಸೊಪ್ಪು ಕಳಿಸಿದ್ರಾ" ಅಂತ್ಲೇ ಕೇಳೋದು.

ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ, ಅವರ ಹತ್ತು ಗಂಟೆ ಮೀಟಿಂಗ್ ಅಂದ್ರೆ ನಮಗೆ ಬೆಳಗ್ಗೆ ಆರೂವರೆ. ಅವರು ಐದು ನಿಮಿಷ ಮುಂಚೆನೇ ಬಂದು ಕೂತಿರ್ತಾರೆ.

ಇಟಲಿ, ಅಮೆರಿಕ

ಇಟಲಿ ನಮ್ಮ ಕಾಫಿಗೆ ದೊಡ್ಡ ಗಿರಾಕಿ, ನಮ್ಮ ರೊಬಸ್ಟ ಅವರ ಎಸ್ಪ್ರೆಸೋ ಬ್ಲೆಂಡಿಗೆ ಹೋಗುತ್ತೆ, ಮೇಲಿನ ನೊರೆ ದಪ್ಪಗೆ ಬರುತ್ತೆ ಅಂತ. ಅಲ್ಲಿ ರೋಸ್ಟಿಂಗ್ ಮಾಡೋರು ಸುಮಾರು ಜನ ಮನೆತನದ ವ್ಯವಹಾರ ನಡೆಸೋರು, ಅಪ್ಪ, ಮಗ, ಅಳಿಯ, ಅಂದ್ರೆ ನಮ್ಮ ಪೇಟೆಯ ಕಾಫಿಪುಡಿ ಅಂಗಡಿಗಳ ಕಥೆಯೇ. ಮೇಲ್ ಕಳಿಸಿ ಉತ್ತರ ಬರ್ಲಿಲ್ಲ ಅಂತ ಕೂರ್ಬೇಡಿ, ಫೋನ್ ಮಾಡಿ, ಮನೆ ಕಡೆ ಹೆಂಗಿದಾರೆ ಕೇಳಿ, ಮಳೆ ಬೆಳೆ ಮಾತಾಡಿ, ಆಮೇಲೆ ರೇಟು. ಚೌಕಾಸಿ ಇರುತ್ತೆ, ದನಿ ಏರುತ್ತೆ, ಅದನ್ನ ಜಗಳ ಅಂದ್ಕೊಂಡು ಹಿಂದೆ ಸರೀಬೇಡಿ. ನೀವು ಮಾತಾಡ್ತಿರೋ ಮ್ಯಾನೇಜರ್ ಎಷ್ಟೇ ಹ್ಞೂ ಅಂದ್ರೂ ಮನೆ ಯಜಮಾನ ಹ್ಞೂ ಅನ್ನೋ ತನಕ ಅದು ಹ್ಞೂ ಅಲ್ಲ. ಆಮೇಲೆ ಆಗಸ್ಟ್ 15ರ ಸುತ್ತಮುತ್ತ ಅಲ್ಲಿ ಫೆರಗೋಸ್ತೊ ರಜೆ, ಅಂಗಡಿ ಮುಂಗಟ್ಟು ಫ್ಯಾಕ್ಟರಿ ಎಲ್ಲಾ ಬಾಗ್ಲು, ಆ ತಿಂಗ್ಳು ಸ್ಯಾಂಪಲ್ ಕಳಿಸಿದ್ರೆ ಡಬ್ಬಿ ಮೂಲೇಲಿ ಬಿದ್ದಿರುತ್ತೆ.

ಅಮೆರಿಕದೋರ ಕಥೆ ಬೇರೆ. ಮೊದಲ ದಿನವೇ ಹೆಸ್ರು ಹಿಡಿದು ಕರಿ ಅಂತಾರೆ, ನಮ್ಮೋರಿಗೆ ನಾಲಿಗೆ ಹೊರಳಲ್ಲ, ಹೆಸ್ರಿನ ಜೊತೆ ಸಾರ್ ಸೇರಿಸ್ಬಿಡ್ತಾರೆ. ಪರವಾಗಿಲ್ಲ, ಅಭ್ಯಾಸ ಆಗುತ್ತೆ. ಗೊಂದಲ ಇರೋದು ಹೊಗಳಿಕೆಲಿ. ಜರ್ಮನ್ನು "ಪರವಾಗಿಲ್ಲ" ಅಂದ್ರೆ ಚೆನ್ನಾಗಿದೆ ಅಂತ, ಅಮೆರಿಕದೋನು "ಅದ್ಭುತ" ಅಂದ್ರೆ ಪರವಾಗಿಲ್ಲ ಅಂತ. ಮೂರು ಒಳ್ಳೆ ಮಾತು ಹೇಳಿ ಮಧ್ಯದಲ್ಲಿ ಮೆತ್ತಗೆ "ಇದೊಂದು ಸ್ವಲ್ಪ ನೋಡಬಹುದಾ" ಅಂತಾರಲ್ಲ, ಇಡೀ ಮೇಲಲ್ಲಿ ವಿಷಯ ಇರೋದು ಅದೊಂದೇ. ಅದನ್ನ ಮಾಡ್ದೆ ಬಿಟ್ರೆ ಮುಂದಿನ ವರ್ಷ ಆರ್ಡರ್ ಇಲ್ಲ. ಮತ್ತೆ "ನಮ್ಮ ಟೀಮ್ ಮಾಡ್ತು" ಅಂತ್ಲೇ ಹೇಳ್ತಾ ಹೋದ್ರೆ ನೀವೇನೂ ಮಾಡಿಲ್ಲ ಅಂದ್ಕೊಳ್ತಾರೆ. ನಾನು ಮಾಡ್ದೆ ಅಂತ ಹೇಳ್ಕೊಳೋಕೆ ನಮಗೆ ನಾಚಿಕೆ, ಹೇಳಿ. ತಾರೀಖು ಬರೆಯುವಾಗ ತಿಂಗ್ಳ ಹೆಸ್ರನ್ನ ಅಕ್ಷರದಲ್ಲಿ ಬರೀರಿ, 04/05 ಅಂದ್ರೆ ಅವರಿಗೆ ಏಪ್ರಿಲ್ 5, ನಮಗೆ ಮೇ 4, ಒಂದು ತಿಂಗ್ಳೇ ಹೋಯ್ತು.

ಅಂಕಗಳನ್ನ ಹಣೆ ಮೇಲೆ ಅಂಟಿಸ್ಬೇಡಿ

ಇಷ್ಟು ಹೇಳಿ ಒಂದು ಎಚ್ಚರಿಕೆ ಹೇಳ್ದಿದ್ರೆ ತಪ್ಪಾಗುತ್ತೆ. ಆ 77, 92 ಎಲ್ಲಾ ಒಂದೇ ಕಂಪನಿಯ ನೌಕರರನ್ನ ಕೇಳಿ ಬಂದ ಸರಾಸರಿ, ಅದೂ ಐವತ್ತು ವರ್ಷದ ಹಿಂದಿನ ಮಾತು. ಈ ಬಗ್ಗೆ ಬ್ರೆಂಡನ್ ಮ್ಯಾಕ್‌ಸ್ವೀನಿ ಅನ್ನೋರು 2002ರಲ್ಲಿ ಚೆನ್ನಾಗೇ ತರಾಟೆಗೆ ತಗೊಂಡಿದಾರೆ, ಐಬಿಎಂನ ಒಂದಿಷ್ಟು ಜನರಿಂದ ಇಡೀ ದೇಶದ ಗುಣ ಹೆಂಗೆ ಹೇಳ್ತೀರ ಅಂತ. ನ್ಯಾಯವಾದ ಪ್ರಶ್ನೆನೇ. ಮೂಡಿಗೆರೆ ತೋಟದ ಮನೆಗೂ ಬೆಂಗಳೂರಿನ ಸ್ಟಾರ್ಟಪ್ಪಿಗೂ ಒಂದೇ 77 ಹೆಂಗಾಗುತ್ತೆ? ನನಗೆ ಸಿಕ್ಕಿರೋ ಜನರಲ್ಲೇ ಮಹಾ ಮಾತಿನ ಮಲ್ಲ ಜಪಾನಿ ಒಬ್ಬ ಇದಾನೆ, ಮೂರು ದಿನ ಮೇಲಿಗೆ ಉತ್ರ ಕೊಡದ ಜರ್ಮನ್ನೂ ಇದಾಳೆ. ದೇಶದ ಲೆಕ್ಕ ಮೊದಲನೇ ಮೇಲಿಗೆ, ಆಮೇಲೆ ಆ ಮನುಷ್ಯನ್ನ ನೋಡ್ಕೊಂಡು.

ಅವರು ಇಲ್ಲಿಗೆ ಬಂದ್ರೆ

ಹಾಸನದಲ್ಲಿ ಗಾರ್ಮೆಂಟ್ಸ್ ಫ್ಯಾಕ್ಟರಿಲಿ ನನ್ನ ಭಾವನ ಮಗ ಲೈನ್ ಸೂಪರ್‌ವೈಸರ್. ಅಲ್ಲಿ ಒಬ್ರು ಯುರೋಪಿನ ಮ್ಯಾನೇಜರ್ ಬಂದು ಮೊದಲ ದಿನ ಎಲ್ರನ್ನೂ ಸುತ್ತ ಕೂರಿಸಿ, ನನ್ನ ಕೆಲ್ಸದಲ್ಲಿ ಏನು ತಪ್ಪಿದೆ ಹೇಳಿ ಅಂತ ಕೇಳಿದ್ರಂತೆ. ನಲವತ್ತು ಹೆಣ್ಮಕ್ಳು, ಉಸಿರಿಲ್ಲ. ಅವರು ಇವರಿಗೆ ಆಸಕ್ತಿ ಇಲ್ಲ ಅಂತ ತಿಳ್ಕೊಂಡ್ರು. ಇವರು ಈ ಸಾರಿಗೆ ಕೆಲ್ಸ ಬರಲ್ಲ, ನಮ್ಮನ್ನ ಕೇಳ್ತಿದಾರೆ ಅಂತ ತಿಳ್ಕೊಂಡ್ರು! ಇಬ್ರದ್ದೂ ತಪ್ಪಿಲ್ಲ. ನಮ್ಮ ಹುಡುಗ ಬುದ್ಧಿವಂತ, ಸಾರ್, ಎಲ್ರ ಮುಂದೆ ಬೇಡ, ಟೀ ಟೈಮಲ್ಲಿ ಇಬ್ಬಿಬ್ರನ್ನ ಕೇಳಿ, ಇಲ್ಲಾಂದ್ರೆ ನನ್ನ ಕೈಲಿ ಕೇಳ್ಸಿ ಅಂದ. ಎರಡೇ ವಾರಕ್ಕೆ ಯಾವ ಮಿಷನ್ನಿನ ಸೂಜಿ ದಿನಾ ಮುರಿಯುತ್ತೆ ಅಂತೆಲ್ಲಾ ಹೊರಗೆ ಬಂತು.

ಪಟ್ನಾದ ಜೈ ಬಿ.ಪಿ. ಸಿನ್ಹಾ ಅನ್ನೋ ಮನಶ್ಶಾಸ್ತ್ರಜ್ಞರು 1980ರಲ್ಲೇ ನಮ್ಮ ದೇಶಕ್ಕೆ ಹೊಂದೋ ನಾಯಕತ್ವದ ಬಗ್ಗೆ ಬರ್ದಿದಾರೆ. ಮೇಲಿನೋನು ಅಕ್ಕರೆಯಿಂದ ನೋಡ್ಕೋಬೇಕು, ಆದ್ರೆ ಆ ಅಕ್ಕರೆ ಕೆಲ್ಸಕ್ಕೆ ಕಟ್ಟಿರ್ಬೇಕು, ಜನ ಪಳಗ್ತಾ ಹೋದಂಗೆ ತೀರ್ಮಾನದಲ್ಲಿ ಅವರನ್ನೂ ಸೇರಿಸ್ಕೋತಾ ಹೋಗ್ಬೇಕು, ಸ್ಥೂಲವಾಗಿ ಇದೇ ಅವರ ಮಾತು. ನಮ್ಮ ಕಡೆ ಒಳ್ಳೆ ಸಾವ್ಕಾರ್ರು ಮಾಡ್ತಿದ್ದಿದ್ದೂ ಇದೇ, ಗೌರಿ ಹಬ್ಬಕ್ಕೆ ಅಡ್ವಾನ್ಸು, ಆಳಿನ ಮಗಳ ಮದುವೆಗೆ ಬಂದು ಊಟ ಮಾಡಿ ಹೋಗೋದು, ಮಾರನೇ ದಿನ ಬೆಳಗ್ಗೆ ಏಳೂವರೆಗೆ ಹಾಜ್ರಿ ಕಡ್ಡಾಯ. ಕೊನೇ ಭಾಗ, ಸೇರಿಸ್ಕೊಳೋದು ಇದೆಯಲ್ಲ, ಅದನ್ನ ಮಾತ್ರ ಸುಮಾರು ಜನ ಮಾಡ್ಲಿಲ್ಲ ಅಂತ ನನ್ನ ತಕರಾರು. ಹೊರಗಿಂದ ಬಂದ ಮ್ಯಾನೇಜರ್‌ಗೆ ನೀವು ಸಲಹೆ ಕೊಡೋ ಜಾಗದಲ್ಲಿದ್ರೆ ಇಷ್ಟು ಹೇಳಿ: ಗೃಹಪ್ರವೇಶಕ್ಕೆ ಕರದ್ರೆ ಹತ್ತು ನಿಮಿಷ ಆದ್ರೂ ಹೋಗಿ ಬನ್ನಿ.

ಎಲ್ಲಕ್ಕಿಂತ ಕಷ್ಟ, ನಿಮ್ಮದೇ ಸಾವ್ಕಾರ್ರು

ಇದನ್ನ ಯಾರೂ ಬರೆಯಲ್ಲ. ನೀವು ಜರ್ಮನಿಗೆ ನಿಜ ಬರಿಯೋಕೆ ರೆಡಿ, ಆದ್ರೆ ನಿಮ್ಮ ಸಾವ್ಕಾರ್ರು "ಲೇಟಾಗುತ್ತೆ ಅಂತ ಬರೀತೀಯೇನೋ, ಮರ್ಯಾದೆ ಏನಾಗ್ಬೇಕು" ಅಂತ ಎಗರಿದ್ರೆ? ನನಗಾಗಿದ್ದು ಅದೇ. ಹಠ ಮಾಡಿದ್ರೆ ಆಗಲ್ಲ, ನಾಲ್ಕು ಜನರ ಮುಂದೆ ಅಂತೂ ಬೇಡವೇ ಬೇಡ. ನಾನು ಬೆಳಗ್ಗೆ ಅವರು ಮಳೆ ಅಳೆದು ಪುಸ್ತಕಕ್ಕೆ ಬರೆಯೋ ಹೊತ್ತಿಗೆ ಒಬ್ನೇ ಹೋದೆ. ನಮ್ಮ ಪ್ಲಾಂಟರ್‌ಗಳಿಗೆ ಆ ಪುಸ್ತಕದ ಮೇಲೆ ಇರೋ ನಂಬಿಕೆ ಇನ್ಯಾವುದ್ರ ಮೇಲೂ ಇಲ್ಲ, ಇಂಚು, ಸೆಂಟು (ಇಂಚಿನ ನೂರರಲ್ಲಿ ಒಂದು ಪಾಲು), ಅಪ್ಪನ ಕಾಲದಿಂದ ಬರ್ದಿರ್ತಾರೆ. ಸಾರ್, ನಾವು ಲೇಟು ಅಂತ ಬರೆಯೋದು ಬೇಡ, ಜನವರಿ ಮಳೆ ಲೆಕ್ಕ ಮಾತ್ರ ಕಳಿಸಣ, ಉಳಿದಿದ್ದು ಅವರೇ ತಿಳ್ಕೋತಾರೆ ಅಂದೆ. ಅದು ಅವರಿಗೆ ಹಿಡಿಸ್ತು. ಆ ಕಡೆಯೋರಿಗೆ ಇನ್ನೂ ಹಿಡಿಸ್ತು, ಅಂಕಿ ಅಂಶ ನೋಡಿದ್ರೆ ಜರ್ಮನ್ನರಿಗೆ ಹಬ್ಬ, ಹಿಂದಿನ ಹತ್ತು ವರ್ಷದ್ದೂ ಕಳಿಸಿ ಅಂದ್ರು. ಈಗ ಸಾವ್ಕಾರ್ರು ನನ್ನ ಕೇಳೋದೂ ಇಲ್ಲ, ಮೊಬೈಲಲ್ಲಿ ತಾವೇ ಮೇಲ್ ಟೈಪ್ ಮಾಡಿ ಕಳಿಸ್ತಾರೆ, ನಮಸ್ಕಾರನೂ ಇಲ್ಲ ಏನೂ ಇಲ್ಲ, ಮೊದಲನೇ ಸಾಲೇ "ನೆನ್ನೆ ರಾತ್ರಿ 80 ಸೆಂಟ್" ಅಂತ.